ಬಾಯಿಲ್ಲದ ಕಾರು

ಅಥವಾ ಅದು ತೊಂಡೇಬಾವಿಯ ರೈಲ್ವೆ ಗೇಟಿನ ಹತ್ತಿರ ಆಗಿರಲಿಕ್ಕಿಲ್ಲ. ಗೇಟು ಹಾಕಿತ್ತು, ಗೂಡ್ಸ್ ರೈಲು ಮುಗಿಯುವುದನ್ನು ಕಾಯುತ್ತಾ ನಿಂತಿದ್ದೆವು, ಆಗ ಕಾರಿನ ಹಿಂಬದಿಯಿಂದ ಹಬೆ ಎದ್ದಿತು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತರೆ ಒಂದಕ್ಕೊಂದು ಹೊಂದುತ್ತಿಲ್ಲ. ಆ ಕಾರಿನ ಕಾಯಿಲೆಯೇ ತಲೆಕೆಳಗಾದದ್ದು. ಬೇರೆ ಕಾರುಗಳು ನಿಂತಲ್ಲಿ ಬಿಸಿಯಾಗಿ ಓಡುವಾಗ ತಣ್ಣಗಾಗುತ್ತವೆ. ಇದು ನಿಂತರೆ ತಣ್ಣಗಿರುತ್ತಿತ್ತು, ಓಡಿದರೆ ಕುದಿಯುತ್ತಿತ್ತು. ಹಾಗಿದ್ದರೆ ನಿಂತ ಕಾರಿನಿಂದ ಹಬೆ ಹೇಗೆ ಬಂತು? ಮೊದಲೇ ಕುದಿದು ಆಮೇಲೆ ನಿಂತೆವೇ? ಅಥವಾ ಹಬೆ ಎದ್ದದ್ದು ಮಂಚೇನಹಳ್ಳಿಯ ರಸ್ತೆಯಲ್ಲಿ, ಗೇಟು ಇನ್ನೊಂದು ದಿನದ್ದೇ? ರೈಲಂತೂ ಇತ್ತು. ಅದರ ಸದ್ದಿನಲ್ಲಿ ಗೆಳೆಯ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಅಷ್ಟು ನಿಜ ಇರಬೇಕು. ಕೇಳಿಸದ ಮಾತನ್ನು ಯಾರೂ ಕಟ್ಟಿಕೊಳ್ಳುವುದಿಲ್ಲ.

ಕಾರು ಆ ಗೆಳೆಯನದು. ಅವನು ಶಿಡ್ಲಘಟ್ಟದವನು, ಫೈಬರ್‌ಗ್ಲಾಸ್ ಕೆಲಸದವನು: ನೀರಿನ ತೊಟ್ಟಿ, ಬಚ್ಚಲುಮನೆಯ ಬಾಗಿಲು, ಅಂಗಡಿ ಮುಂದೆ ನಿಲ್ಲಿಸುವ ಆಳೆತ್ತರದ ಐಸ್‌ಕ್ರೀಮ್ ಕೋನು. ಮನೆಯ ಹಿಂದೆ ಅವನ ಹೆಂಡತಿ ನಡೆಸುತ್ತಿದ್ದ ರೇಷ್ಮೆ ನೂಲು ಬಿಚ್ಚುವ ಘಟಕ, ಅದಕ್ಕೆ ಅಂಟಿಕೊಂಡ ಶೆಡ್ಡಿನಲ್ಲಿ ಕಾರು. ಎರಡೇ ಸೀಟು, ಸೊಂಟದೆತ್ತರ. ಗುಜರಿಗೆ ಹೋಗಿದ್ದ ಪುಟ್ಟ ಕಾರೊಂದರ ಎಂಜಿನ್ನನ್ನು ಸೀಟುಗಳ ಬೆನ್ನಿಗೆ ಕೂರಿಸಿದ್ದರು. ಕಬ್ಬಿಣದ ಚೌಕಟ್ಟನ್ನು ಬೆಸೆದವನು ಚಿಂತಾಮಣಿಯ ಒಬ್ಬ ವೆಲ್ಡರ್. ಅವನು ಅದನ್ನು ಕಾರು ಎಂದು ಕರೆದದ್ದನ್ನು ನಾನು ಕೇಳಿಲ್ಲ. ಬಲ್ಲಿ ಅನ್ನುತ್ತಿದ್ದ, ತೆಲುಗಿನಲ್ಲಿ ಹಲ್ಲಿ.

ನಾನು ಆಗ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ತಂಪಾಗಿಡುವ ಕೆಲಸದಲ್ಲಿದ್ದೆ. ಪಂಪು, ಫ್ಯಾನು, ನೀರಿನ ಪೈಪು.

"ನೀರು ತಣ್ಣಗೆ ಮಾಡೋದೇ ಅಲ್ವೇನಪ್ಪ ನಿನ್ ಕೆಲ್ಸ," ಎಂದು ಗೆಳೆಯ ಕರೆದ. "ಒಂದ್ ಸಲ ಬಂದ್ ನೋಡ್ಹೋಗು."

ಒಂದು ಸಲ ಎಂದದ್ದು ಆ ಚಳಿಗಾಲದ ಭಾನುವಾರಗಳನ್ನೆಲ್ಲ ನುಂಗಿತು.

ಮೂತಿಯ ವಿಷಯ ಮೊದಲು ಹೇಳಬೇಕು. ಎಲ್ಲ ಕಾರಿಗೂ ಮುಂದೆ ಜಾಲರಿ ಇರುತ್ತದೆ, ಅದರ ಹಿಂದೆ ಎಂಜಿನ್ನಿನ ಬಿಸಿನೀರನ್ನು ಗಾಳಿಗೆ ಒಡ್ಡಿ ತಣಿಸುವ ರೇಡಿಯೇಟರ್ ಇರುತ್ತದೆ. ಈ ಕಾರಿಗೆ ಬಾಯಿಯೇ ಇರಲಿಲ್ಲ. ಮುಂಗಾಜಿನ ಬುಡದಿಂದ ನೆಲದ ಕಡೆಗೆ ಒಂದೇ ಇಳಿಜಾರು, ಸೀಳಿಲ್ಲ, ಮಡಿಕೆಯಿಲ್ಲ. ಅಂಗೈ ಸವರಿದರೆ ಎಲ್ಲಿ ಬಾಗಿತು ಎಂದು ಹಿಡಿಯಲಾಗುತ್ತಿರಲಿಲ್ಲ. ಪ್ಲಾಸ್ಟರಿನ ಗುಡ್ಡೆಯೊಂದರ ಮೇಲೆ ನೇರವಾಗಿ ಪದರ ಪದರ ಹಚ್ಚಿ, ಉಜ್ಜಿ ಉಜ್ಜಿ ತೆಗೆದದ್ದು. ಕೊನೆಗೆ ಗುಡ್ಡೆಯನ್ನು ಒಡೆದೇ ಮೂತಿಯನ್ನು ಬಿಡಿಸಬೇಕಾಯಿತು, ಹಾಗಾಗಿ ಅಚ್ಚು ಎಂಬುದು ಉಳಿದಿರಲಿಲ್ಲ.

ಅದನ್ನು ಉಜ್ಜುತ್ತಿದ್ದ ತಿಂಗಳುಗಳಲ್ಲೇ ಅವನ ತೋಳುಗಳಲ್ಲಿ ದದ್ದು ಎದ್ದದ್ದು, ಎದೆ ಸಿಳ್ಳೆ ಹೊಡೆಯತೊಡಗಿದ್ದು. ಚಿಕ್ಕಬಳ್ಳಾಪುರದ ಡಾಕ್ಟರು, ಫೈಬರಿಗೆ ಹಚ್ಚುವ ಆ ರೆಸಿನ್ನಿನ ಡಬ್ಬ ತೆರೆದಿರುವ ಕೋಣೆಗೂ ಹೋಗಬೇಡ, ಆ ಧೂಳು ಕುಡಿಯಬೇಡ, ಇನ್ನೊಮ್ಮೆ ಹಿಡಿದರೆ ಉಸಿರು ಬಿಡಿಸುವುದು ಕಷ್ಟ ಎಂದರಂತೆ. ತೊಟ್ಟಿ, ಬಾಗಿಲು, ಕೋನು ಎಲ್ಲ ನಿಂತವು. ಹೆಂಡತಿಯ ಘಟಕಕ್ಕೆ ರೇಷ್ಮೆಗೂಡು ಆರಿಸುವುದು, ಸೌದೆ ತರಿಸುವುದು ಅವನ ಕೆಲಸವಾಯಿತು. ಮೂತಿ ಅವನ ಕೈ ಮಾಡಿದ ಕೊನೆಯ ವಸ್ತು. ಇದನ್ನು ಯಾರೂ ಹೀಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವನ ಹೆಂಡತಿ ಮಾತ್ರ ನನಗೂ ವೆಲ್ಡರಿಗೂ ಒಮ್ಮೆ ಗದರಿದ್ದಳು: "ಅದರ್ ಮೇಲೆ ಟವಲ್ ಇಡ್ಬೇಡ್ರಪ್ಪ. ನನ್ ಮೇಲೆ ಇಟ್ರೂ ಸುಮ್ನಿರ್ತಾರೆ, ಅದರ್ ಮೇಲೆ ಇಟ್ರೆ ಊಟ ಬಿಡ್ತಾರೆ."

ಮೂತಿಗೆ ಬಾಯಿ ಬೇಡವೆಂದೇ ರೇಡಿಯೇಟರನ್ನು ಹಿಂದೆ ಇಟ್ಟದ್ದು. ಎಡಬಾಗಿಲು ದಾಟಿದ ಮೇಲೆ, ಹಿಂದಿನ ಚಕ್ರಕ್ಕೆ ಮುಂಚೆ, ಪಕ್ಕದಲ್ಲಿ ಒಂದು ಉದ್ದನೆಯ ತೂತು. ಅದನ್ನು ಕಿವಿ ಎನ್ನುತ್ತಿದ್ದೆವು. ಕಾರಿನ ಮೈ ಸವರಿಕೊಂಡು ಬರುವ ಗಾಳಿ ಕಿವಿಯೊಳಗೆ ತಿರುಗಬೇಕು, ಒಳಗಿರುವ ರೇಡಿಯೇಟರನ್ನು ಹಾಯಬೇಕು, ಎಂಜಿನ್ನಿನ ಮೇಲಿನ ಜಾಲರಿಯಿಂದ ಹೊರಗೆ ಹೋಗಬೇಕು. ರೇಡಿಯೇಟರಿನ ಬೆನ್ನಿಗೆ ಒಂದು ಎಲೆಕ್ಟ್ರಿಕ್ ಫ್ಯಾನು, ಗಾಳಿಯನ್ನು ಒಳಗೆಳೆಯಲು. ಕಾಗದದ ಮೇಲೆ ಇದರಲ್ಲಿ ತಪ್ಪಿರಲಿಲ್ಲ. ಈಗಲೂ ತಪ್ಪಿದೆ ಎಂದು ನಾನು ಹೇಳಲಾರೆ.

ಮೊದಲ ಭಾನುವಾರ ಶೆಡ್ಡಿನ ಮುಂದೆ ಎಂಜಿನ್ ಚಾಲೂ ಮಾಡಿ ಬಿಟ್ಟು ಕಾಫಿ ಕುಡಿದೆವು. ಉಷ್ಣತೆಯ ಮುಳ್ಳು ನಡುಗೆರೆಗೆ ಬಂದು ನಿಂತಿತು, ಫ್ಯಾನು ತಿರುಗಿತು, ಮುಳ್ಳು ಇಳಿಯಿತು. ಎರಡನೇ ಕಾಫಿಯೂ ಆಯಿತು. "ಇದಕ್ಕೇನ್ ಕಾಯಿಲೆ?" ಎಂದೆ. ಗೆಳೆಯ ಪಕ್ಕದ ಸೀಟು ತೋರಿಸಿದ. ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದ ರಸ್ತೆಗೆ ಬಿದ್ದು ವೇಗ ಏರಿಸಿದ್ದೇ ಮುಳ್ಳು ಮೇಲಕ್ಕೆ ಹೊರಟಿತು. ನಿಧಾನ ಮಾಡಿದರೆ ಇಳಿಯಿತು. ಮತ್ತೆ ಓಡಿಸಿದರೆ ಮತ್ತೆ ಏರಿತು. ಗಾಳಿ ಜಾಸ್ತಿಯಾದಷ್ಟೂ ಬಿಸಿ. ನನ್ನ ಕೆಲಸದಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ.

ನನ್ನ ಮೊದಲ ಊಹೆ, ಪೈಪುಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದೆ ಎಂದು. ಕಾರಿನ ಹಿಂಭಾಗ ಎತ್ತಿ, ಗಾಳಿ ಬಿಡಲು ಮೇಲಿನ ಪೈಪಿಗೆ ಒಂದು ತಿರುಪು ಕೂರಿಸಿ, ಗುಳುಗುಳು ನಿಲ್ಲುವ ತನಕ ನೀರು ತುಂಬಿದೆವು. ಕಾಯಿಲೆ ಹಾಗೇ ಇತ್ತು. ನೀರನ್ನು ತಡೆದು ಬಿಡುವ ಥರ್ಮೋಸ್ಟಾಟನ್ನು ಕಿತ್ತೆವು. ಬಿಸಿಯಾಗುವುದು ತಡವಾಯಿತು ಅಷ್ಟೆ. ಕೈಹಾಕಿ ರಬ್ಬರ್ ಹೋಸುಗಳನ್ನೆಲ್ಲ ಹಿಸುಕಿ ನೋಡಿದೆ. ಎಂಜಿನ್ ನಿಧಾನಕ್ಕೆ ಓಡುತ್ತಿದ್ದಾಗ ನೋಡಿದ್ದು. ಎಲ್ಲ ದುಂಡಗೆ, ತುಂಬಿಕೊಂಡೇ ಇದ್ದವು. ರೇಡಿಯೇಟರಿನ ಸುತ್ತಲ ಸಂದುಗಳಿಗೆ ಹಾಸಿಗೆಯ ಸ್ಪಂಜು ತುರುಕಿದೆವು. ಗಾಳಿ ಸೋಮಾರಿ, ಸಂದು ಸಿಕ್ಕರೆ ರೇಡಿಯೇಟರಿನ ನೂರಾರು ರೆಕ್ಕೆಗಳ ನಡುವೆ ನುಸುಳುವ ಕಷ್ಟ ಪಡುವುದಿಲ್ಲ. ಇದರಿಂದ ಮುಳ್ಳು ಕೂದಲೆಳೆಯಷ್ಟು ಇಳಿದಂತೆ ಕಂಡಿತು. ಇಳಿದಿತ್ತೋ, ನಾವು ಇಳಿಸಿಕೊಂಡು ನೋಡಿದೆವೋ. ವೆಲ್ಡರು ಇಳಿದಿಲ್ಲ ಎಂದ. ಗೆಳೆಯ ಇಳಿದಿದೆ ಎಂದ. ನಾನು ಮಧ್ಯಾಹ್ನದ ಬಿಸಿಲಿಗೆ ಸರಿಯಾಗಿ ಕಾಣುತ್ತಿಲ್ಲ ಎಂದೆ.

ಅವತ್ತೇ ಇರಬೇಕು, ಮಂಚೇನಹಳ್ಳಿಯ ಟೀ ಅಂಗಡಿಯ ಮುಂದೆ ಒಬ್ಬ ಮುದುಕ ಕಾರನ್ನು ಒಂದು ಸುತ್ತು ಹಾಕಿ ಬಂದು ಕೇಳಿದ್ದು.

"ಯಾವ್ ಕಂಪ್ನಿದಪ್ಪ ಇದು?"

"ಶಿಡ್ಲಘಟ್ಟ ಕಂಪ್ನಿ, ತಾತ," ಎಂದ ವೆಲ್ಡರ್.

"ಮುಂದ್ಯಾವ್ದು, ಹಿಂದ್ಯಾವ್ದು?"

"ಅದೇ ತಾತ ನಮಗೂ ತೆಲೀದು."

ಮುದುಕ ನಗಲಿಲ್ಲ. ಮೂತಿಯ ಕಡೆ ಬೆರಳು ತೋರಿಸಿ, "ಇಲ್ಲಿ ಉಸ್ರಾಡಕ್ಕೆ ಏನೂ ಇಲ್ವಲ್ಲ," ಎಂದು ಹೊರಟುಹೋದ. ವೆಲ್ಡರಿಗೆ ಅಷ್ಟೇ ಬೇಕಿತ್ತು. ವಾಪಸು ಬಂದು ಶೆಡ್ಡಿನಲ್ಲಿ ಕೂತ ಮೇಲೆ ಶುರು ಮಾಡಿದ.

"ನಾನು ಚೌಕಟ್ಟು ಹೊಡೆಯೋ ದಿನಾನೇ ಹೇಳ್ದೆ. ಮುಂದೆ ಇಡಣ ಅಂತ. ಗಾಳಿ ಎದುರಿಗೆ ಬರುತ್ತೆ, ಎದುರಿಗೇ ತಗೋಬೇಕು. ಇವ್ರು ಬಲ್ಲಿಗೆ ಕಿವೀಲಿ ಕುಡಿಸ್ತಾವ್ರೆ."

"ಆಯ್ತಪ್ಪ, ಇನ್ನೊಂದ್ ಫ್ಯಾನ್ ಹಾಕಣ," ಎಂದ ಗೆಳೆಯ.

"ಫ್ಯಾನು ನಿಂತಾಗ. ಓಡೋವಾಗ ಫ್ಯಾನ್ ಎಂದುಕು, ಯಾಕೆ? ಮೂತಿ ಕೊಯ್ಯಿ. ಇಷ್ಟೇ ಇಷ್ಟು."

ಗೆಳೆಯ ಎದ್ದ. ಮೂಲೆಯಲ್ಲಿದ್ದ ಗೂಡಿನ ಬುಟ್ಟಿಯಿಂದ ಒಂದನ್ನು ಎತ್ತಿಕೊಂಡ. ಹುಳು ಚಿಟ್ಟೆಯಾಗಿ ಕೊರೆದು ಹೊರಬಂದಿದ್ದ ಗೂಡು, ತುದಿಯಲ್ಲಿ ತೂತು. ಅದನ್ನು ವೆಲ್ಡರಿನ ತೊಡೆಯ ಮೇಲೆ ಇಟ್ಟ.

"ಇದರಿಂದ ನೂಲು ತೆಗೆದ್ಕೊಡು ನೋಡಣ."

ತೂತಾದ ಗೂಡಿನಿಂದ ನೂಲು ಬರುವುದಿಲ್ಲ, ಎಳೆ ತುಂಡು ತುಂಡಾಗುತ್ತದೆ; ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ವೆಲ್ಡರು ಗೂಡನ್ನು ಮೂಸಿ ನೋಡಿ ಬುಟ್ಟಿಗೆ ವಾಪಸು ಎಸೆದ. ಅವತ್ತು ಅಲ್ಲಿಗೆ ನಿಂತಿತು.

ದಾರದ ಪರೀಕ್ಷೆ ನನ್ನ ಯೋಚನೆ. ಕಾರ್ಖಾನೆಯಲ್ಲಿ ಗಾಳಿ ಎತ್ತ ಹೋಗುತ್ತಿದೆ ಎಂದು ನೋಡಲು ಕೊಳವೆಯ ಬಾಯಿಗೆ ದಾರದ ತುಂಡು ಅಂಟಿಸಿ ನೋಡುವುದಿತ್ತು. ಕಾರಿನ ಮೈತುಂಬ ಹಾಗೆ ದಾರ ಅಂಟಿಸಿ ಓಡಿಸಿದರೆ, ಕಿವಿಯ ಹತ್ತಿರದ ದಾರಗಳು ಒಳಗೆ ಬಾಗುತ್ತವೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಉಣ್ಣೆ ದಾರ ತರುತ್ತೇನೆ ಎಂದೆ. ಅವರಿಬ್ಬರೂ ನನ್ನನ್ನು ನೋಡಿದರು. ಗೋಡೆಯಾಚೆ ರೇಷ್ಮೆ ಬಿಚ್ಚುವ ಘಟಕವಿರುವಾಗ ಉಣ್ಣೆ ಕೊಳ್ಳಲು ಅಂಗಡಿಗೆ ಹೋಗುವುದು ಯಾರಿಗೂ ಸರಿ ಎನಿಸಲಿಲ್ಲ, ಆಮೇಲೆ ನನಗೂ ಎನಿಸಲಿಲ್ಲ. ರೇಷ್ಮೆ ಹಗುರ, ಸಣ್ಣ ಗಾಳಿಗೂ ಏಳುತ್ತದೆ. ಹೆಂಡತಿ ಕಡಾಯಿಗಳ ಪಕ್ಕದಲ್ಲಿ ಬಿದ್ದಿದ್ದ ಹಸಿ ಎಳೆಗಳ ಸಿಂಬಿಯೊಂದನ್ನು ತಂದು ಕೊಟ್ಟಳು. "ಮದ್ವೆ ಕಾರಿಗೂ ಇಷ್ಟ್ ರೇಷ್ಮೆ ಹಾಕಲ್ಲ," ಎಂದಳು. ಸಂಜೆ ಕೂತು ಎಳೆಗಳನ್ನು ಗೇಣುದ್ದ ಕತ್ತರಿಸಿ, ಒಂದು ತುದಿಗೆ ಟೇಪು ಹಚ್ಚಿ ಮೂತಿಯಿಂದ ಬಾಲದವರೆಗೆ ಅಂಟಿಸಿದೆವು. ಮೂತಿಗೆ ಟೇಪು ಹಚ್ಚುವುದನ್ನು ಗೆಳೆಯ ಯಾರಿಗೂ ಬಿಡಲಿಲ್ಲ. ಕಾರನ್ನು ಅಂಗಳದಲ್ಲೇ ಬಿಟ್ಟೆವು.

ಬೆಳಿಗ್ಗೆ ಮಂಜು. ಕಾರಿನ ಮೈಯೆಲ್ಲ ಒದ್ದೆಯಾಗಿತ್ತು, ಬಟ್ಟೆಯಿಂದ ಒರೆಸಿದರೆ ದಾರಗಳು ಕಿತ್ತು ಬರುತ್ತವೆಂದು ಹಾಗೇ ಬಿಟ್ಟೆವು. ಎಂಜಿನ್ ಚೆನ್ನಾಗಿ ಕಾಯಲಿ ಎಂದು ಸ್ವಲ್ಪ ಹೊತ್ತು ಓಡಿಸಿಟ್ಟು ಹೊರಟೆವು. ಗೆಳೆಯ ಒಬ್ಬನೇ ಕಾರಿನಲ್ಲಿ, ನಾನು ವೆಲ್ಡರಿನ ಬೈಕಿನ ಹಿಂದೆ. ಕಳವಾರದ ಕಡೆ ತಿರುಗುವ ರಸ್ತೆ ಆ ಹೊತ್ತಿಗೆ ಖಾಲಿ. ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ಇಬ್ಬರೋ ಮೂವರೋ ಬ್ಯಾಗು ಹೊತ್ತು ಬದಿಯಲ್ಲಿ ನಡೆಯುತ್ತಿದ್ದರು. ಕಾರು ವೇಗ ಹಿಡಿಯಿತು. ನಾವು ಪಕ್ಕದಲ್ಲಿ.

ಇದನ್ನು ನಾನು ಚೆನ್ನಾಗಿ ನೋಡಿದೆ. ಅಥವಾ ಚೆನ್ನಾಗಿ ನೋಡಿದೆ ಎಂದು ಆಗಲೇ ತೀರ್ಮಾನಿಸಿದೆ. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಬೂದಿ ಬಣ್ಣದ ಒಂದು ಗೀಟು ಬಿಟ್ಟರೆ ಏನೂ ಬರಲಿಲ್ಲ. ಮೂತಿಯ ಮೇಲಿನ ದಾರಗಳು ಹುಚ್ಚೆದ್ದು ಕುಣಿಯುತ್ತಿದ್ದವು. ಬಾಗಿಲ ಮೇಲಿನವು ಹಿಂದಕ್ಕೆ ಹರಿಯುತ್ತಿದ್ದವು. ಕಿವಿಯ ಅಂಚಿನವು ಅಲುಗಾಡದೆ ಹಿಂದಕ್ಕೆ ಚಾಚಿ ಮಲಗಿದ್ದವು, ಒಂದೂ ಒಳಗೆ ತಿರುಗಿರಲಿಲ್ಲ. ಗಾಳಿ ಕಿವಿಯ ಮುಂದೆ ಹಾದುಹೋಗುತ್ತಿದೆ, ಒಳಗೆ ಇಣುಕುತ್ತಲೂ ಇಲ್ಲ. ಕಾರು ನಿಂತಾಗ ಫ್ಯಾನು ಎಳೆಯುವಷ್ಟು ಸಿಗುತ್ತದೆ, ಓಡುವಾಗ ಗಾಳಿಯ ಓಟದ ಮುಂದೆ ಫ್ಯಾನು ಸೋಲುತ್ತದೆ. ತಲೆಕೆಳಗಾದ ಕಾಯಿಲೆಗೆ ಸರಿಯಾದ ಕಾರಣ. ಎಷ್ಟು ಚೆನ್ನಾಗಿ ಕೂತಿತೆಂದರೆ ಬೈಕಿನ ಮೇಲೇ ನನಗೆ ನಗು ಬಂತು. ಆಮೇಲೆ ಗೆಳೆಯನಿಗೆ ಹೇಳಬೇಕಲ್ಲ ಎಂದು ನೆನಪಾಯಿತು.

ಮೂತಿ ಕೊಯ್ಯೋಣ ಎಂದವರು ಯಾರು ಎಂಬುದು ಇಲ್ಲಿ ಬರಬೇಕು. ನೀನೇ ಅಂದಿದ್ದು ಎಂದು ವೆಲ್ಡರ್ ಈಗಲೂ ಹೇಳುತ್ತಾನೆ. ನನ್ನ ನೆನಪಿನಲ್ಲಿ ನಾನು ಕಂಡದ್ದನ್ನಷ್ಟೇ ಹೇಳಿದೆ, ಗೆಳೆಯ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಚಪ್ಪಲಿಯಿಂದ ಮಣ್ಣು ಗೀರುತ್ತಾ ಕೇಳಿಸಿಕೊಂಡ, "ಸರಿ, ಕೊಯ್ಯಣ" ಎಂದ. ಮುಂದೊಂದು ದಿನ ಅವನನ್ನೇ ಕೇಳಿದೆ. "ನಾನೂ ಅನ್ಲಿಲ್ಲ, ನೀನೂ ಅನ್ಲಿಲ್ಲ ಕಣೋ. ದಾರ ಅಂತು," ಎಂದ.

ಮುಂದಿನ ಭಾನುವಾರ ಅವನು ಪೆನ್ಸಿಲ್ ಹಿಡಿದು ಮೂತಿಯ ಮೇಲೆ ತಾನೇ ಗೆರೆ ಎಳೆದ. ಅಳತೆಪಟ್ಟಿ ಕೊಟ್ಟರೆ ಬೇಡವೆಂದ. ಎಳೆದು, ದೂರ ನಿಂತು ನೋಡಿ, ಎಂಜಲು ಬೆರಳಿನಿಂದ ಅಳಿಸಿ ಮತ್ತೆ ಎಳೆದ. ಬಾಯಿಯ ಎರಡು ತುದಿ ಸ್ವಲ್ಪ ಕೆಳಗಿಳಿದಂತೆ, ಚಪ್ಪಟೆಯಾಗಿ. ಆಮೇಲೆ ಅವನು ಹೊರಗೆ ಹೋಗಲೇಬೇಕಿತ್ತು. ಫೈಬರ್ ಕೊಯ್ದರೆ ಏಳುವ ಧೂಳು ಅವನ ಎದೆಗೆ ಆಗದು.

"ಗೆರೆ ಒಳಗಡೆನೇ ಹೋಗ್ರೋ," ಎಂದ. "ಗೆರೆ ಮೇಲೆ ಬೇಡ. ಉಜ್ಜೋಕೆ ಸ್ವಲ್ಪ ಉಳೀಲಿ."

"ಉಜ್ಜೋರ್ ಯಾರು?" ಎಂದ ವೆಲ್ಡರ್, ಕೇಳಿದ ಮೇಲೆ ಕೇಳಬಾರದಿತ್ತು ಎಂಬಂತೆ ಗರಗಸದ ಬ್ಲೇಡನ್ನು ನೋಡಿದ.

ಗೆಳೆಯ ಬಾಗಿಲು ಹಾಕಿಕೊಂಡು ಹೋದ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಾನು ಕೊಯ್ದೆ, ವೆಲ್ಡರ್ ಹಿಡಿದುಕೊಂಡ.  ಗರಗಸ ನಡುಗುತ್ತಿತ್ತು. ಕೊಯ್ದ ತುಂಡು ನೆಲಕ್ಕೆ ಬಿದ್ದಾಗ ಟೊಳ್ಳು ಸದ್ದು ಬಂತು. ನೀರಿಗೆಂದು ಹೊರಗೆ ಬಂದರೆ ಅವನು ರೇಷ್ಮೆ ಕಡಾಯಿಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದ. ರಾಟೆಗಳು ಜೋರಾಗಿ ತಿರುಗುತ್ತಿದ್ದವು.

ಅವನ ಹೆಂಡತಿ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, "ಭಾನುವಾರ ಎಲ್ರಿಗೂ ರಜ. ಬರೀ ಸದ್ದಿಗೆ ಅಂತ ರಾಟೆ ಬಿಟ್ಟಿದೀನಿ," ಎಂದಳು. "ಆಯ್ತಾ ಇಲ್ವಾ?"

"ಆಯ್ತಮ್ಮ."

ಅವಳು ಸ್ವಿಚ್ಚು ಆರಿಸಲಿಲ್ಲ.

ರೇಡಿಯೇಟರನ್ನು ಮೂತಿಯೊಳಗೆ ಮುಂದಕ್ಕೆ ವಾಲಿಸಿ ಕೂರಿಸಿದೆವು. ಒಳಬಂದ ಗಾಳಿಗೆ ಹೊರದಾರಿ ಬೇಕು. ಮೂತಿಯ ಮೇಲೆ ಇನ್ನೊಂದು ಸೀಳು ಹಾಕಿದರೆ ಸುಲಭವಿತ್ತು, ನಾನು ಆ ಮಾತೆತ್ತಲಿಲ್ಲ. ಮುಂಚಕ್ರಗಳ ಒಳಗೂಡಿನ ಮೂಲಕ ಕೆಳಕ್ಕೆ ಬಿಟ್ಟೆವು. ನೀರು ಹೋಗಿ ಬರಲು ಕಾರಿನ ಹೊಟ್ಟೆಯಡಿ ಎರಡು ಉದ್ದ ಪೈಪು, ತುದಿಗಳಿಗೆಲ್ಲ ಹೊಸ ಹೋಸು. ಕೊಯ್ದ ಅಂಚನ್ನು ನಾನು ಉಜ್ಜಿದೆ. ಚೆನ್ನಾಗಿ ಬರಲಿಲ್ಲ.

ಗೌರಿಬಿದನೂರಿನವರೆಗೆ ಹೋಗಿ ಬಂದೆವು. ಮುಳ್ಳು ನಡುಗೆರೆ ಬಿಟ್ಟು ಅಲ್ಲಾಡಲಿಲ್ಲ. ನಿಂತರೂ ಅಷ್ಟೇ, ಓಡಿದರೂ ಅಷ್ಟೇ. ವೆಲ್ಡರು ಊರು ಊರಿಗೂ ಬೈಕಿನ ಹಾರನ್ ಹೊಡೆದುಕೊಂಡು ಬಂದ. ಗೆಳೆಯ ಚೆನ್ನಾಗಿ ಓಡಿಸಿದ, ಮನೆಯ ಮುಂದೆ ಇಳಿದು ಮೂತಿಯ ಕಡೆಯಿಂದ ಬರದೆ ಹಿಂದಿನಿಂದ ಸುತ್ತಿಕೊಂಡು ಒಳಗೆ ಹೋದ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸರಿಯಾದ ಕತೆಯಾಗುತ್ತಿತ್ತು, ನಾನೂ ಎಷ್ಟೋ ಕಡೆ ಇಲ್ಲಿಗೇ ನಿಲ್ಲಿಸಿದ್ದೇನೆ. ಆದರೆ ಆ ವಾರವೇ, ಹಳೆಯ ಸಾಮಾನು ಆರಿಸುವಾಗ, ಎಂಜಿನ್ನಿನ ಅಡಿಯಿಂದ ಬಿಚ್ಚಿ ಎಸೆದಿದ್ದ ಹೋಸು ನನ್ನ ಕೈಗೆ ಬಂತು. ರೇಡಿಯೇಟರಿನಿಂದ ಪಂಪು ನೀರೆಳೆದುಕೊಳ್ಳುವ ಹೋಸು. ಖಾಲಿಯಾಗಿದ್ದಾಗ ಅದು ಬಾಳೆನಾರಿನಂತೆ ಮೆತ್ತಗಿತ್ತು. ಪಂಪು ಜೋರಾಗಿ ಎಳೆದರೆ ಇಂಥ ಹೋಸು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತದೆ, ನೀರು ನಿಲ್ಲುತ್ತದೆ. ಎಂಜಿನ್ ನಿಧಾನವಾದರೆ ಮತ್ತೆ ದುಂಡಗಾಗುತ್ತದೆ. ನಿಂತರೆ ತಣ್ಣಗೆ, ಓಡಿದರೆ ಬಿಸಿ. ಇದೂ ಅಷ್ಟೇ ಚೆನ್ನಾಗಿ ಕೂತಿತು. ಆದರೆ ಹೋಸು ಮೆತ್ತಗಿದ್ದದ್ದರಿಂದ ನೀರು ಕುದಿಯಿತೋ, ಅಷ್ಟು ಸಲ ಕುದಿದದ್ದರಿಂದ ಹೋಸು ಮೆತ್ತಗಾಯಿತೋ ಎಂದು ಹೋಸನ್ನು ಕೇಳುವ ಹಾಗಿರಲಿಲ್ಲ.

ನಾನು ಹೋಸು ಹಿಡಿದುಕೊಂಡು ಅಂಗಳಕ್ಕೆ ಬಂದೆ. ಗೆಳೆಯ ಕಾರು ತೊಳೆಯುತ್ತಿದ್ದ. ಮೂತಿಯ, ಬಾಗಿಲಿನ ದಾರಗಳು ಎಂದೋ ಕಿತ್ತು ಬಂದಿದ್ದವು. ಕಿವಿಯ ಅಂಚಿನಲ್ಲಿ ಟೇಪು ಬಿದ್ದುಹೋಗಿದ್ದರೂ ಎಳೆಗಳು ಮಾತ್ರ ಹಾಗೇ ಮಲಗಿದ್ದವು. ಅವನು ಉಗುರಿನಿಂದ ಒಂದನ್ನು ಕೆರೆದ, ಬರಲಿಲ್ಲ. ಒಳಗಿನಿಂದ ಒಂದು ಚೊಂಬು ಬಿಸಿನೀರು ತಂದು ಹೊಯ್ದ. ಎಳೆ ಜಾರಿ ಬಂತು.

"ಅಂಟು," ಎಂದ.

ಹಸಿ ರೇಷ್ಮೆಯಲ್ಲಿ ಅಂಟಿರುತ್ತದೆ. ಗೂಡನ್ನು ಬೇಯಿಸುವುದು ಆ ಅಂಟು ಸಡಿಲವಾಗಲಿ ಎಂದು. ನೂಲಾದ ಮೇಲೂ ಅದು ಉಳಿದಿರುತ್ತದೆ, ಬಣ್ಣ ಹಾಕುವ ಮುಂಚೆ ಸೋಪಿನ ನೀರಿನಲ್ಲಿ ಕುದಿಸಿ ತೆಗೆಯುತ್ತಾರೆ. ಶಿಡ್ಲಘಟ್ಟದಲ್ಲಿ ಇದನ್ನು ಯಾರಿಗೂ ಕಲಿಸಬೇಕಿಲ್ಲ. ಮಂಜಿನಲ್ಲಿ ನೆನೆದ ಎಳೆಗಳು, ನಾವು ಎಂಜಿನ್ ಕಾಯಿಸುತ್ತಾ ನಿಂತಾಗ ಬಿಸಿಯಾದ ಕಿವಿಯ ಅಂಚಿಗೆ ಹತ್ತಿಕೊಂಡಿರಬೇಕು. ಮೂತಿ ತಣ್ಣಗಿತ್ತು, ಅಲ್ಲಿನವು ಹತ್ತಲಿಲ್ಲ. ಹಾಗಾದರೆ ಕಿವಿಯ ದಾರಗಳು ಒಳಗೆ ತಿರುಗದಿದ್ದದ್ದು ಗಾಳಿಯಿಂದಲ್ಲ, ಅಂಟಿನಿಂದ. ಅಥವಾ ಅವತ್ತು ಸಡಿಲವಾಗಿಯೇ ಇದ್ದು, ಆಮೇಲಿನ ಬಿಸಿಲಲ್ಲಿ ಹತ್ತಿಕೊಂಡವೋ.

ಹೋಸಿನ ಕತೆಯನ್ನೂ ಹೇಳಿದೆ. ಅವನು ಅದನ್ನು ತೆಗೆದುಕೊಂಡು ಒಮ್ಮೆ ಹಿಸುಕಿ ವಾಪಸು ಕೊಟ್ಟ.

"ನೋಡೋದು ಕಷ್ಟ ಇಲ್ಲ," ಎಂದೆ. "ರೇಡಿಯೇಟರ್ ಹಿಂದಕ್ಕೆ ಹಾಕಣ, ಹೊಸ ಹೋಸು ಹಾಕಿ, ಮುಂದಿನ ಬಾಯಿಗೆ ರಟ್ಟು ಮುಚ್ಚಿ ಓಡ್ಸಣ. ಒಂದೇ ದಿನದ ಕೆಲ್ಸ. ಗೊತ್ತಾಗೋಗುತ್ತೆ."

"ಕುದೀತು ಅನ್ಕೋ," ಎಂದ.

"ಕುದಿದ್ರೆ ಕೊಯ್ದಿದ್ದು ಸರಿ."

"ತಣ್ಣಗಿತ್ತು ಅನ್ಕೋ."

ನಾನು ಹೋಸನ್ನು ಇನ್ನೊಮ್ಮೆ ಹಿಸುಕಿದೆ.

"ಆವಾಗ್ ನಾನೇನ್ ಮಾಡ್ಲಪ್ಪ?" ಎಂದ. ಸಿಟ್ಟಿರಲಿಲ್ಲ, ನಿಜವಾಗಿ ಕೇಳಿದಂತಿತ್ತು. ಆಮೇಲೆ ಚೊಂಬು ತುಂಬಿಸಿಕೊಂಡು ಬರಲು ಒಳಗೆ ಹೋದ.

ಆ ಪರೀಕ್ಷೆಯನ್ನು ನಾವು ಮಾಡಲಿಲ್ಲ. ಕಾರು ಅದಾದ ಮೇಲೂ ವರ್ಷಗಟ್ಟಲೆ ಓಡಿತು, ಒಮ್ಮೆಯೂ ಕುದಿಯಲಿಲ್ಲ. ಕಿವಿಯೊಳಗೆ ಗಾಳಿ ಹೋಗುತ್ತಿತ್ತೇ ಎಂಬುದು ನನಗೆ ಗೊತ್ತಿಲ್ಲ. ಮೂತಿಯನ್ನು ಕೊಯ್ಯಬೇಕಿತ್ತೇ ಎಂಬುದೂ ಗೊತ್ತಿಲ್ಲ.